ಹಾಸಿಗೆ ಬಿಟ್ಟುಕೊಟ್ಟಾಕೆ

ಸುಗ್ಗಿ ಮುಗಿದು ಭತ್ತ ಚೀಲಕ್ಕೆ ಬಿದ್ದ ಮೇಲೆ, ದಾಸೋಹಕ್ಕೆಂದು ಬಾಗಿಲಿಗೆ ಬಂದವರನ್ನು ಭದ್ರಾ ಅಚ್ಚುಕಟ್ಟಿನ ಕತ್ತಲಗೆರೆ ಸೀಮೆಯ ರೈತರು ಬರಿಗೈಲಿ ಕಳಿಸುವವರಲ್ಲ. ಚೀಲವೋ, ಅರ್ಧ ಚೀಲವೋ, ಆ ವರ್ಷದ ಬೆಳೆ ನೋಡಿಕೊಂಡು ಕೊಟ್ಟೇ ಕೊಡುತ್ತಾರೆ. ಹೀಗೆ ಕೇಳಿ ತಂದು ಹಸಿದವರಿಗೆ ಉಣಬಡಿಸುವ ಪದ್ಧತಿ ಕ್ರೈಸ್ತರಲ್ಲೂ ಉಂಟು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಕನ್ಯಾಸ್ತ್ರೀಯರ ವೃದ್ಧಾಶ್ರಮ 1900ರಿಂದ ನಡೆದುಬಂದಿರುವುದು ಹಾಗೆಯೇ. ಜಾತಿ-ಮತ ಕೇಳದೆ ಬಡ ವೃದ್ಧರನ್ನು ಸೇರಿಸಿಕೊಳ್ಳುವ ಈ ಮನೆ ಇಡುಗಂಟಿನ ಬಡ್ಡಿಯನ್ನು ನಂಬಿಕೊಂಡಿಲ್ಲ. ಬೇಕಾದ ದವಸ, ತರಕಾರಿ, ಹಣವನ್ನು ಸಿಸ್ಟರ್‌ಗಳೇ ಊರು ಅಲೆದು ಕೇಳಿ ತರುತ್ತಾರೆ.

ಈ ಕ್ರಮ ಶುರುವಾದದ್ದು ಫ್ರಾನ್ಸಿನಲ್ಲಿ, 1839ರ ಚಳಿಗಾಲದ ಒಂದು ರಾತ್ರಿ. ಜೀನ್ ಜುಗಾನ್ ಎಂಬಾಕೆ ಮೀನುಗಾರನ ಮಗಳು. ಎಳೆತನದಲ್ಲೇ ತಂದೆ ಸಮುದ್ರಪಾಲಾಗಿದ್ದ. ಶ್ರೀಮಂತರ ಮನೆಯ ಅಡುಗೆಕೆಲಸ, ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಎಂದು ದುಡಿದು ನಲವತ್ತೇಳಕ್ಕೆ ಬಂದಿದ್ದಳು. ಆ ರಾತ್ರಿ ಕಣ್ಣು ಕಾಣದ, ಅರ್ಧ ಮೈ ಸ್ವಾಧೀನವಿಲ್ಲದ ಆನ್ ಶೋವೆಂ ಎಂಬ ಮುದುಕಿಯನ್ನು ತನ್ನ ಬಾಡಿಗೆ ಮನೆಗೆ ಹೊತ್ತು ತಂದಳು. ಇದ್ದ ಹಾಸಿಗೆಯ ಮೇಲೆ ಮುದುಕಿಯನ್ನು ಮಲಗಿಸಿ, ತಾನು ಅಟ್ಟ ಹತ್ತಿ ಮಲಗಿದಳು.

ಮರುದಿನದಿಂದ ಶುರುವಾಯಿತು ಅನ್ನದ ಪ್ರಶ್ನೆ. ಒಬ್ಬಳ ಹಿಂದೆ ಇನ್ನೊಬ್ಬಳು ಬಂದಳು, ಹಾಸಿಗೆಗಳು ಹೆಚ್ಚಿದವು. ಆ ಮುದುಕಿಯರಲ್ಲಿ ಕೆಲವರು ಹಿಂದೆ ಬೀದಿಯಲ್ಲಿ ಬೇಡಿ ಬದುಕಿದವರು. ಅವರ ಬದಲಿಗೆ ತಾನೇ ಹೋಗುವುದೆಂದು ತೀರ್ಮಾನಿಸಿದ ಜೀನ್, ಬುಟ್ಟಿ ಹಿಡಿದು ಮನೆ ಮನೆಯ ಬಾಗಿಲು ತಟ್ಟಿದಳು. ದುಡಿದು ತಿಂದ ಹೆಂಗಸಿಗೆ ಅದು ಸುಲಭದ ಮಾತಾಗಿರಲಿಲ್ಲ.

ದೇವರನ್ನು ದಿನದ ಬದುಕಿಗೆ ಬರಮಾಡಿಕೊಳ್ಳುವುದೆಂದರೆ ಏನು ಎಂದು ಕ್ರೈಸ್ತರನ್ನು ಕೇಳಿದರೆ, ಹಲವರು ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯ ತೆರೆದಾರು. ಹಸಿದವನಿಗೆ ಉಣಿಸಿದ್ದು, ಪರದೇಶಿಗೆ ಮನೆಯಲ್ಲಿ ಜಾಗ ಕೊಟ್ಟದ್ದು, ಸೆರೆಯಲ್ಲಿದ್ದವನನ್ನು ನೋಡಲು ಹೋದದ್ದು, ಇವೆಲ್ಲ ತನಗೇ ಮಾಡಿದ್ದು ಎಂದು ಯೇಸು ಅಲ್ಲಿ ಹೇಳುತ್ತಾನೆ. ಆ ಪ್ರಸಂಗದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಹಾಗೆ ಮಾಡಿದವರಿಗೂ ಅದು ಗೊತ್ತಿರಲಿಲ್ಲ! ನಿನ್ನನ್ನು ಯಾವಾಗ ನೋಡಿದೆವು ಸ್ವಾಮಿ ಎಂದು ಅವರೇ ಬೆರಗಾಗಿ ಕೇಳುತ್ತಾರೆ. ದೇವರು ಬಂದಿದ್ದಾನೆಂದು ಅವರು ಬಾಗಿಲು ತೆರೆದದ್ದಲ್ಲ, ಹಸಿದವನು ಬಂದನೆಂದು ತೆರೆದದ್ದು.

ಜೀನಳ ಹಾದಿ ಹಿಡಿದ ‘ಲಿಟಲ್ ಸಿಸ್ಟರ್ಸ್’ ಕನ್ಯಾಸ್ತ್ರೀಯರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದನ್ನು ಸ್ವೀಕರಿಸುತ್ತಾರೆ. ಅದು ಅತಿಥಿಸತ್ಕಾರ. 1865ರಲ್ಲಿ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಯಂ ಆದಾಯ ಯಾವುದೂ ಬೇಡವೆಂದು ನಿರ್ಧರಿಸಿತು. ಅವರ ಮನೆಗಳಲ್ಲಿ ಒಂದು ಹಳೆಯ ರೂಢಿಯುಂಟು: ಉಗ್ರಾಣದಲ್ಲಿ ಏನು ಮುಗಿಯಿತೋ ಅದರ ಮಾದರಿಯನ್ನು ಸಂತ ಜೋಸೆಫರ ಪ್ರತಿಮೆಯ ಮುಂದೆ ಇಡುವುದು. ಆಲೂಗಡ್ಡೆ ಮುಗಿದರೆ ಒಂದು ಆಲೂಗಡ್ಡೆ, ಇದ್ದಿಲು ಮುಗಿದರೆ ಒಂದು ತುಂಡು ಇದ್ದಿಲು. ಇಟ್ಟವರು ಅಲ್ಲೇ ಕೂತು ಕಾಯುವುದಿಲ್ಲ, ಬುಟ್ಟಿ ಎತ್ತಿಕೊಂಡು ಕೇಳಲು ಹೊರಡುತ್ತಾರೆ.

ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಈ ಬಗೆಯ ನಂಬಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯದ ಪೂರ್ಣ ಮಟ್ಟ 186 ಅಡಿ. ಈ ಸಲ ಎಷ್ಟಕ್ಕೆ ಮುಟ್ಟೀತೆಂದು ಮುಂಗಾರಿನ ಮೊದಲಿಗೆ ಯಾರಿಗೂ ತಿಳಿಯದು. ಆದರೂ ರೈತ ಬೀಜ ಹೊಂದಿಸುತ್ತಾನೆ, ಸಸಿಮಡಿ ಸಿದ್ಧಮಾಡುತ್ತಾನೆ, ಬದು ಕಟ್ಟುತ್ತಾನೆ. ನೀರು ಬಂದೀತೆಂಬ ಭರವಸೆ ಅವನ ಗುದ್ದಲಿಯಲ್ಲೇ ಕಾಣುತ್ತದೆ.

ಜೀನಳ ನಂಬಿಕೆಗೆ ಕಠಿಣ ಪರೀಕ್ಷೆ ಬಂದದ್ದು ಹೊರಗಿನಿಂದಲ್ಲ, ಒಳಗಿನಿಂದಲೇ. 1843ರಲ್ಲಿ ಆಕೆ ಮುಖ್ಯಸ್ಥೆಯಾಗಿ ಆಯ್ಕೆಯಾಗಿದ್ದರೂ, ಸಂಸ್ಥೆಯ ಉಸ್ತುವಾರಿಯಲ್ಲಿದ್ದ ಪಾದ್ರಿ ಲೆ ಪೈಯರ್ ಆ ಆಯ್ಕೆಯನ್ನು ರದ್ದುಮಾಡಿದ. 1852ರಲ್ಲಿ ಭಿಕ್ಷೆಯ ಕೆಲಸವನ್ನೂ ಬಿಡಿಸಿ ಮುಖ್ಯ ಮಠದೊಳಗೆ ಕೂರಿಸಿದರು. ಸಂಸ್ಥಾಪಕ ತಾನೇ ಎಂದು ಆತ ಹೇಳಿಕೊಂಡ. ಮುಂದಿನ ಇಪ್ಪತ್ತೇಳು ವರ್ಷ, ಹೊಸದಾಗಿ ಸೇರಿದ ಹುಡುಗಿಯರ ನಡುವೆ ಆಕೆ ಓಡಾಡಿಕೊಂಡಿದ್ದಳು. ಇದನ್ನೆಲ್ಲ ಕಟ್ಟಿದಾಕೆ ಇವಳೇ ಎಂದು ಆ ಹುಡುಗಿಯರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. 1879ರಲ್ಲಿ ಜೀನ್ ತೀರಿಕೊಂಡಾಗ ಸಂಸ್ಥೆಯ ಕನ್ಯಾಸ್ತ್ರೀಯರ ಸಂಖ್ಯೆ ಸುಮಾರು 2,400. ನಿಜ ಹೊರಬಿದ್ದದ್ದು ಆಮೇಲೆ. 2009ರ ಅಕ್ಟೋಬರ್ 11ರಂದು ಪೋಪ್ 16ನೇ ಬೆನೆಡಿಕ್ಟ್ ಆಕೆಯನ್ನು ಸಂತಳೆಂದು ಘೋಷಿಸಿದರು.

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಜಾತ್ರೆಗೆ ಸುತ್ತಲಿನ ಊರುಗಳಿಂದ ಎಲ್ಲ ಮತದವರೂ ಹೋಗುತ್ತಾರೆ, ಮೇಣದಬತ್ತಿ ಹಚ್ಚಿ ಬರುತ್ತಾರೆ. ಉಳಿದ ದಿನಗಳ ಪೂಜೆಗೆ ಅವಕಾಶ ಊರೊಳಗೇ ಇದೆ. ಮಕ್ಕಳು ದಾವಣಗೆರೆಗೋ ಬೆಂಗಳೂರಿಗೋ ಹೋಗಿ, ಮನೆಯಲ್ಲಿ ಅಜ್ಜ-ಅಜ್ಜಿ ಇಬ್ಬರೇ ಉಳಿದ ಮನೆಗಳು ಈಗ ಯಾವ ಊರಲ್ಲಿಲ್ಲ? ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋದರೆ ಯಾರನ್ನು ಕೇಳಬೇಕೆಂದು ಅವರಿಗೆ ತಿಳಿಯದು. ಬಿ.ಪಿ. ಮಾತ್ರೆ ಯಾವುದು, ಶುಗರ್ ಮಾತ್ರೆ ಯಾವುದು ಎಂಬ ಗೊಂದಲ ಬೇರೆ. ಅಂಥ ಅಜ್ಜಿಯೊಬ್ಬರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚನ್ನಗಿರಿಯ ಬ್ಯಾಂಕಿಗೆ ಹೋಗಿಬರಲು ಒಂದು ಬೆಳಗು ಸಾಕು. ಆಗದ ದಿನ ಪಕ್ಕದ ಮನೆಯವರ ಹತ್ತಿರ ಹೋಗಿ, ‘ಇವತ್ತೊಂದಿನ ನೀವು ಕರ್ಕೊಂಡು ಹೋಗ್ತೀರಾ?’ ಎಂದು ಕೇಳಿದರೂ ಆಯಿತು. ಜೀನ್ ಬುಟ್ಟಿ ಹಿಡಿದು ಮಾಡಿದ್ದೂ ಇದೇ ಕೆಲಸ.