ಕೊಟ್ಟ ರೊಕ್ಕಕ್ಕೆ ಬಂದದ್ದೇನು?

ರಾಜೂರಿನ ಹಿರಿಯರೇ, ತಾಯಂದಿರೇ, ಕಾಲೇಜಿನಿಂದ ನೇರ ಇಲ್ಲಿಗೇ ಬಂದು ಕೂತಿರುವ ಹುಡುಗ ಹುಡುಗಿಯರೇ,

ಬೆಲೆ ಏರಿಕೆಯ ಬಗ್ಗೆ ಮಾತಾಡಿ ಎಂದು ಈ ಉಪನ್ಯಾಸ ಮಾಲೆಯ ಗೆಳೆಯರು ಕೇಳಿದಾಗ, ಬೆಲೆ ಕೊಟ್ಟ ಮೇಲೆ ಕೈಗೆ ಬರುವುದರ ಬಗ್ಗೆಯೂ ಮಾತಾಡುತ್ತೇನೆ ಎಂದು ಹೇಳಿದೆ. ದರ ಏರಿದರೆ ಮರುದಿನ ಪೇಪರಿನಲ್ಲಿ ಬರುತ್ತದೆ. ಗುಣ ಇಳಿದದ್ದು ಯಾವ ಪೇಪರಿನಲ್ಲೂ ಬರುವುದಿಲ್ಲ. ಅದು ಅವರವರ ಮನೆಯಲ್ಲಿ, ಒಬ್ಬೊಬ್ಬರಿಗೇ ಗೊತ್ತಾಗುತ್ತದೆ. ಒಬ್ಬೊಬ್ಬರೇ ಗೊಣಗುತ್ತೇವೆ, ‘ಹೋಗ್ಲಿ ಬಿಡ್ರಿ’ ಅನ್ನುತ್ತೇವೆ.

ಆದರೆ ಈ ಸೀಮೆ ಯಾವಾಗಲೂ ಹೋಗ್ಲಿ ಬಿಡ್ರಿ ಅಂದಿಲ್ಲ. ಇಲ್ಲೇ ಪಕ್ಕದ ನರಗುಂದದ ಕಥೆಯನ್ನು ಹಿರಿಯರು ಬಲ್ಲರು, ಹುಡುಗರಿಗಾಗಿ ಹೇಳುತ್ತೇನೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಬಂತು, ಕಾಲುವೆ ಬಂದವು. ಜೊತೆಗೆ ಬೆಟರ್‌ಮೆಂಟ್ ಲೆವಿ ಎಂಬ ಕರವೂ ಬಂತು. ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಹೆಚ್ಚಿದೆ, ಆದ್ದರಿಂದ ಕಟ್ಟಿ ಎಂಬುದು ಸರ್ಕಾರದ ತರ್ಕ. ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಮುಟ್ಟಿದ ಎಷ್ಟೋ ಕಡೆ ಎರೆಭೂಮಿ ಸವಳು ಜವಳಾಗಿ ಕೂತಿತ್ತು. ಹತ್ತಿಯ ದರ ಬಿದ್ದಿತ್ತು. ಕರದ ನೋಟಿಸು ಮಾತ್ರ ತಪ್ಪದೆ ಪ್ರತಿ ಮನೆಗೂ ಮುಟ್ಟಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು. ನರಗುಂದದಲ್ಲಿ ಪೊಲೀಸರೂ ಸತ್ತರು. ಆ ಸಾವುಗಳಲ್ಲಿ ಯಾವುದನ್ನೂ ನಾನು ಹಗುರ ಮಾಡಲಾರೆ. ರಾಜ್ಯದ ರೈತ ಚಳವಳಿಗೆ ಬಲ ಬಂದದ್ದು ಅಲ್ಲಿಂದಲೇ. ಇಂದಿಗೂ ಆ ದಿನ ಅಲ್ಲಿನ ವೀರಗಲ್ಲಿಗೆ ರೈತರು ಮಾಲೆ ಹಾಕುತ್ತಾರೆ.

ಆ ರೈತರನ್ನು ಕರ ತಪ್ಪಿಸುವ ಜನ ಎಂದು ತಿಳಿದರೆ ಅನ್ಯಾಯ. ನೀರು ಬರಲಿ, ಆಮೇಲೆ ಕೇಳಿ ಎಂಬುದು ಅವರ ವಾದದ ತಿರುಳು. ಕೊಟ್ಟ ರೊಕ್ಕಕ್ಕೆ ಬಂದದ್ದೇನು ಎಂಬ ಆ ಪ್ರಶ್ನೆಯನ್ನು ಇವತ್ತು ನಮ್ಮ ಸಂತೆಚೀಲಕ್ಕೆ, ಮೊಬೈಲಿಗೆ, ಕುಡಿಯುವ ನೀರಿಗೆ ಹಾಕಿ ನೋಡೋಣ.

ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಿ. 2024ರ ಜೂನ್‌ನಲ್ಲಿ ನಂದಿನಿಯ ಅರ್ಧ ಲೀಟರಿನ ನೀಲಿ ಪ್ಯಾಕೆಟ್ 22ರಿಂದ 24 ರೂಪಾಯಿ ಆಯಿತು, ಬದಲಿಗೆ 50 ಮಿಲಿ ಹಾಲು ಹೆಚ್ಚಿಗೆ ಕೊಟ್ಟರು. 2025ರ ಏಪ್ರಿಲ್ 1ರಿಂದ ಆ 50 ಮಿಲಿ ಹೋಯಿತು, 24 ರೂಪಾಯಿ ಅಲ್ಲೇ ಉಳಿಯಿತು. ಏರಿಸಿದ ಹಣ ಹಾಲು ಹಾಕುವ ರೈತರಿಗೇ ಎಂದು ಸರ್ಕಾರ ಹೇಳಿತು. ಎಮ್ಮೆ ಕಟ್ಟಿದವರ ಕಷ್ಟ ಬಲ್ಲ ನಾವು ಅದಕ್ಕೆ ಎದುರಾಡುವುದಿಲ್ಲ. ಆದರೆ ಅಳತೆ ಕಡಿಮೆ ಮಾಡಿ ದರ ಏರಿಸಿದಾಗ ಲೆಕ್ಕ ಹಾಕುವ ಕಷ್ಟ ಕೊಳ್ಳುವವನ ತಲೆಗೆ ಬೀಳುತ್ತದೆ. ಹಾಲಿನದಾದರೂ ಪ್ರಕಟಣೆ ಕೊಟ್ಟು ಮಾಡಿದರು. ಬಿಸ್ಕತ್ತು, ಸೋಪು, ಚಹಾಪುಡಿಯ ಐದು, ಹತ್ತು ರೂಪಾಯಿಯ ಪೊಟ್ಟಣಗಳು ವರ್ಷದಿಂದ ವರ್ಷಕ್ಕೆ ಹೇಳದೆ ಕೇಳದೆ ತೆಳ್ಳಗಾಗುತ್ತಿವೆ.

ಮೊಬೈಲಿನ ತಿಂಗಳು ಇನ್ನೊಂದು. 28 ದಿನಕ್ಕೆ ಒಂದು ರೀಚಾರ್ಜ್ ಎಂದರೆ ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು ಹಾಕಬೇಕು. 30 ದಿನದ ಯೋಜನೆಯೊಂದಾದರೂ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಅಂಗಡಿಯಲ್ಲಿ ಅದನ್ನು ಕೇಳುವವರು ಎಷ್ಟು ಜನ? 2024ರ ಜುಲೈನಲ್ಲಿ ದೊಡ್ಡ ಖಾಸಗಿ ಕಂಪನಿಗಳೆಲ್ಲ ಒಂದರ ಹಿಂದೆ ಒಂದು ದರ ಏರಿಸಿದವು. ನೆಟ್‌ವರ್ಕ್ ಸಿಗಲು ಮಾಳಿಗೆ ಹತ್ತುವುದೇನೂ ತಪ್ಪಲಿಲ್ಲ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಕುಡಿಯುವ ನೀರು. ಗದಗ ಜಿಲ್ಲೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದಾದ ಮಕ್ಕಳನ್ನು, ಕೀಲು ಬಿಗಿದ ಮುದುಕರನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂದವು. ಉದ್ಘಾಟನೆಯ ದಿನ ಹೂವಿನ ಹಾರ, ಫೋಟೊ. ನಾನು ನೀರು ತರುವ ಘಟಕದ ಸ್ಥಿತಿ ಹೇಳುತ್ತೇನೆ: ಕಾಯಿನ್ ಹಾಕುವ ಕಿಂಡಿಗೆ ಟೇಪು ಅಂಟಿದೆ, ನಳದ ಬಾಯಿಗೆ ಬಿಳಿ ಉಪ್ಪು ಗಟ್ಟಿಯಾಗಿದೆ, ಬಾಗಿಲ ಮೇಲೆ ಚಾಕ್‌ಪೀಸಿನಲ್ಲಿ ‘ರಿಪೇರಿ ಇದೆ’ ಎಂದು ಬರೆದದ್ದು ಅರ್ಧ ಅಳಿಸಿದೆ. ಅದು ಕೆಡುವುದಕ್ಕೆ ಕಾರಣ ಗುಟ್ಟಿನದೇನಲ್ಲ. ನಮ್ಮ ಗಡಸು ನೀರಿನಲ್ಲಿ ಆರ್‌ಒ ಯಂತ್ರದ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ತೊಳೆಯಬೇಕು, ಕಾಲಕಾಲಕ್ಕೆ ಬದಲಿಸಬೇಕು. ಕಟ್ಟಲು ಯೋಜನೆಯ ಹಣ ಬರುತ್ತದೆ. ಪೊರೆ ಬದಲಿಸುವ ಹಣಕ್ಕೆ ಉದ್ಘಾಟನೆಯೂ ಇಲ್ಲ, ಫೋಟೊವೂ ಇಲ್ಲ, ಅದಕ್ಕೇ ಅದರ ನೆನಪು ಯಾರಿಗೂ ಆಗುವುದಿಲ್ಲ. ಘಟಕ ನಿಂತ ದಿನದಿಂದ ಜನ ಕ್ಯಾನಿನ ನೀರಿಗೆ ನಾಲ್ಕೈದು ಪಟ್ಟು ಕೊಡುತ್ತಾರೆ. ರೊಕ್ಕ ಇಲ್ಲದವರು ಬೋರಿಗೆ ಮರಳುತ್ತಾರೆ. ಸೇವೆ ಕೆಟ್ಟಾಗ ದುಬಾರಿಯಾಗುವುದು ಹೀಗೆ, ಮತ್ತು ಮೊದಲ ಪೆಟ್ಟು ಬಡವರ ಮನೆಯ ಮಕ್ಕಳ ಹಲ್ಲಿಗೆ.

ಬಸ್ಸಿನ ವಿಷಯದಲ್ಲಿ ಒಂದು ಮಾತು ಕೇಳಿ ಕೇಳಿ ಬೇಸತ್ತಿದ್ದೇನೆ: ‘ಪುಕ್ಕಟೆ ಬಸ್ಸು, ಇನ್ನೇನು ಬೇಕು?’ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. 2025ರ ಜನವರಿ 5ರಿಂದ ಉಳಿದವರ ಟಿಕೆಟ್ ಶೇ. 15ರಷ್ಟು ಹೆಚ್ಚು. ಡೀಸೆಲ್, ಸಂಬಳ ಏರಿದ್ದು ನಿಜ, ದರ ಏರಲಿ. ಆದರೆ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಗಜೇಂದ್ರಗಡಕ್ಕೆ ಹೋಗುವ ಹುಡುಗಿಗೆ ‘ನಿನ್ನದು ಫ್ರೀ ತಾನೆ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಆ ಟಿಕೆಟಿನ ಹಣವನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ಕಟ್ಟಿಕೊಡಬೇಕು, ಆ ಹಣ ಅವಳ ಅಪ್ಪ ಕೊಳ್ಳುವ ಸೋಪಿನ ತೆರಿಗೆಯಲ್ಲೂ ಇದೆ. 1995ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಗಳ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ, ಉಚಿತ ಚಿಕಿತ್ಸೆ ಪಡೆದವನೂ ಗ್ರಾಹಕನೇ ಎಂದಿತು. ಆ ತೀರ್ಪು ಬಸ್ಸಿಗೆ ಹಾಗೇ ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಅದರ ಹಿಂದಿನ ನ್ಯಾಯಬುದ್ಧಿ ಮಾತ್ರ ನಮಗೆ ಬೇಕು.

ಈಗ ಕೆಲಸದ ಮಾತು. ನರಗುಂದದವರ ಕೈಯಲ್ಲಿ ಅಂದು ಇರದ ಕಾಗದಗಳು ನಮ್ಮ ಕೈಯಲ್ಲಿವೆ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಕಾಯಿದೆಯಲ್ಲಿ, ಕಂಪನಿ ಮುಂಬೈಯಲ್ಲಿದ್ದರೂ ದೂರನ್ನು ನೀವು ಇರುವ ಜಿಲ್ಲೆಯಲ್ಲೇ, ಅಂದರೆ ಗದಗಿನ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರೇ ಬೇಕೆಂದೂ ಇಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ಎಷ್ಟೋ ತಕರಾರು ಅಲ್ಲೇ ಮುಗಿಯುತ್ತವೆ. ಸರ್ಕಾರಿ ಕಚೇರಿಯ ಅರ್ಜಿಗಳಿಗೆ 2012ರಿಂದ ಸಕಾಲ ಇದೆ: ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು. ಆದರೆ ಅದನ್ನು ಕೇಳಿದರೆ ತಡ ಮಾಡಿದವರ ಹೆಸರು ದಾಖಲೆಗೆ ಬರುತ್ತದೆ, ಹೀಗಾಗಿ ಅರ್ಜಿಯ ಜಿಎಸ್‌ಸಿ ನಂಬರಿನ ಚೀಟಿಯನ್ನು ಕೇಳಿ ಪಡೆಯಿರಿ. ನೀರಿನ ಘಟಕಕ್ಕೆ ಗ್ರಾಮಸಭೆಯೇ ಜಾಗ. ಪೊರೆ ಯಾವಾಗ ಬದಲಿಸಿದಿರಿ, ಕಾಯಿನ್ನಿನ ಹಣ ಯಾವ ಖಾತೆಗೆ ಹೋಯಿತು, ಈ ಎರಡೇ ಪ್ರಶ್ನೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಸಾಲಗಾರನ ಬಡ್ಡಿಯ ಕಷ್ಟ ಊರಿನ ಕೆಲಸವಾಯಿತು. ಕೆಟ್ಟ ಸೇವೆಯ ದೂರೂ ಒಬ್ಬೊಬ್ಬರ ಗೊಣಗಾಟವಾಗಿ ಉಳಿಯಬಾರದು. ಭಾಷಣ ಮುಗಿದ ಮೇಲೆ ನಾನು ಇಲ್ಲೇ ಕೂತಿರುತ್ತೇನೆ, ಹಾಳೆ, ಪೆನ್ನು ತಂದಿದ್ದೇನೆ. ಬಿಲ್ಲು, ರಸೀದಿ, ಸಕಾಲದ ಚೀಟಿ ಇದ್ದವರು ಮನೆಗೆ ಹೋಗಿ ತನ್ನಿ. ಕಾಲೇಜಿನ ಹುಡುಗಿಯರು ಬರೆದುಕೊಡಲಿ, ಮೊದಲ ನಾಲ್ಕಾರು ಅರ್ಜಿ ಇವತ್ತೇ ಆಗಲಿ.