ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ



ನಮ್ಮ ಸಂಘಗಳ ಎಷ್ಟೋ ಸದಸ್ಯೆಯರು ಕ್ಲಿನಿಕ್ಕು, ನರ್ಸಿಂಗ್ ಹೋಮು, ಲ್ಯಾಬುಗಳಲ್ಲಿ ಆಯಾ ಕೆಲಸ, ಶುಚಿ ಮಾಡುವ ಕೆಲಸ ಮಾಡುತ್ತೀರಿ. ಕಸದ ಚೀಲ ಎತ್ತುವಾಗ, ಹಾಸಿಗೆ ಬಟ್ಟೆ ಕೊಡವುವಾಗ ಬಳಸಿದ ಸೂಜಿ ಕೈಗೆ ಚುಚ್ಚುವುದುಂಟು. "ಹೇಳಿದ್ರೆ ಬೈತಾರೆ ಸಿಸ್ಟರ್, ಕೆಲಸಾನೇ ಹೋಗುತ್ತೆ" ಎಂಬ ಮಾತನ್ನು ನಾವು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಸೂಜಿಗಿಂತ ಈ ಮೌನವೇ ಹೆಚ್ಚು ಅಪಾಯ.

ಸೂಜಿಯಲ್ಲಿ ಉಳಿದ ರಕ್ತದಿಂದ ಮುಖ್ಯವಾಗಿ ಮೂರು ಸೋಂಕು ಬರಬಹುದು: ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಎಲ್ಲರೂ ಹೆದರುವುದು ಎಚ್.ಐ.ವಿ.ಗೆ. ಆದರೆ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದಾಗ ಅದು ತಗಲುವುದು 1000ಕ್ಕೆ ಸುಮಾರು 3 ಮಂದಿಗೆ. ಹೆಪಟೈಟಿಸ್ ಬಿ ಲಸಿಕೆ ಇಲ್ಲದವರಲ್ಲಿ 100ಕ್ಕೆ 6ರಿಂದ 30 ಮಂದಿಗೆ ತಗಲಬಹುದು. ಅದಕ್ಕೆ ಲಸಿಕೆ ಇದೆ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಮೂರನ್ನೂ ತಪ್ಪದೆ ಹಾಕಿಸಿಕೊಳ್ಳಿ.

ಚುಚ್ಚಿದ ಕೂಡಲೇ ಏನು ಮಾಡಬೇಕು?

1. ಹರಿಯುವ ನೀರು, ಸೋಪಿನಿಂದ ಗಾಯ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಬ್ಲೀಚಿಂಗ್ ನೀರು ಹಾಕಬೇಡಿ. ಕಣ್ಣಿಗೆ ರಕ್ತ ಸಿಡಿದರೆ ಬರೀ ನೀರಿನಿಂದ ತೊಳೆಯಿರಿ.

2. ಡಾಕ್ಟರಿಗೆ ಅಥವಾ ನರ್ಸಿಗೆ ಆಗಲೇ ತಿಳಿಸಿ. ದಿನ, ಹೊತ್ತು ಬರೆಸಿಡಿ. ಸೂಜಿ ಯಾರಿಗೆ ಬಳಸಿದ್ದೆಂದು ಗೊತ್ತಿದ್ದರೆ ಅದನ್ನೂ ಹೇಳಿ.

3. ಎ.ಆರ್.ಟಿ. ಕೇಂದ್ರವಿರುವ ಸರಕಾರಿ ಆಸ್ಪತ್ರೆಗೆ ಹೋಗಿ. ಎಚ್.ಐ.ವಿ. ತಡೆಯುವ ಮಾತ್ರೆ ಬೇಕೆಂದರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ಮೀರಬಾರದು. 28 ದಿನ ಬಿಡದೆ ನುಂಗಬೇಕು.

4. ರಕ್ತಪರೀಕ್ಷೆ ಅಂದೇ ಮಾಡಿಸಿ, ಹೇಳಿದ ದಿನಗಳಲ್ಲಿ ಪುನಃ ಮಾಡಿಸಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಬೇಗ ಪತ್ತೆಯಾದರೆ ಮಾತ್ರೆಯಿಂದಲೇ ಗುಣವಾಗುತ್ತದೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದು, ಅದನ್ನು ಕಸದ ಚೀಲಕ್ಕೆ ಎಸೆಯುವುದು ತಪ್ಪು. ಅದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹೋಗಬೇಕು. ಕಸ ಮುಟ್ಟುವವರಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಹೇಳುತ್ತವೆ. ಸೂಜಿ ಚುಚ್ಚಿದ ಕೆಲಸಗಾರರಿಗೆ ತಡೆ ಔಷಧಿ ಒದಗಿಸುವುದು 2017ರ ಎಚ್.ಐ.ವಿ. ಕಾಯ್ದೆಯಂತೆ ಆಸ್ಪತ್ರೆಯ ಹೊಣೆ. ಇದು ಭಿಕ್ಷೆ ಅಲ್ಲಮ್ಮಾ, ನಮ್ಮ ಹಕ್ಕು.

ಒಬ್ಬಳೇ ಕೇಳಿದರೆ ಬೈಗುಳ ಸಿಕ್ಕೀತು. ಸಂಘವೇ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಇಂಥ ಕೆಲಸ ಮಾಡುವವರು ಯಾರು, ಲಸಿಕೆ ಆದವರು ಯಾರು ಎಂದು ಪುಸ್ತಕದಲ್ಲಿ ಬರೆಯೋಣ. ಆಗದವರ ಪರವಾಗಿ ಠರಾವು ಮಾಡಿ, ನಾಲ್ಕು ಜನ ಜೊತೆಗೂಡಿ ಹೋಗಿ ಕೇಳೋಣ. ಬೇರೆಯವರ ಕಾಯಿಲೆ ವಾಸಿಯಾಗಲೆಂದು ದುಡಿಯುವ ಕೈಗಳನ್ನು ಕಾಪಾಡುವುದೂ ದೇವರ ಸೇವೆಯೇ.