ಸೆನ್ಸರ್ ಬದಲಿಸುವ ಮುನ್ನ ಒಂದು ನಿಮಿಷ



ಒಂದು ಮಳೆಗಾಲದಲ್ಲಿ, ಇಲ್ಲೇ ಮುಂಬಯಿಯಲ್ಲಿ, ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಮಾತ್ರ ಎಂದಿನಂತೆಯೇ ಓಡುತ್ತಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ನೋಡಿ, ‘ಪಿ 0135 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ’ ಅಂದರು. ಹೊಸದು ಹಾಕಿಸಿ, ಸಾವಿರಾರು ರೂಪಾಯಿ ತೆತ್ತು ಬಂದೆ. ನಾಲ್ಕನೇ ದಿನ ಅದೇ ದೀಪ ಮತ್ತೆ ಹಾಜರ್! ಕೊನೆಗೆ ಸಿಕ್ಕಿದ ಕಳ್ಳ ಯಾರು ಗೊತ್ತೇ? ನೀರು ಕುಡಿದು ಹಸಿರು ಕಿಲುಬು ಹಿಡಿದಿದ್ದ ಒಂದು ಕನೆಕ್ಟರ್. ನನ್ನ ಹಾಗೆ ನೀವು ದುಡ್ಡು ಕಳೆದುಕೊಳ್ಳದಿರಲಿ ಎಂದೇ ಈ ಮಾತು.

ಆಕ್ಸಿಜನ್ ಸೆನ್ಸರ್ ಇರುವುದು ಹೊಗೆ ಕೊಳವೆಯಲ್ಲಿ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುತ್ತದೆ. ಅದರಂತೆ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆದರೆ ಸುಮಾರು 300 ಡಿಗ್ರಿ ಕಾಯುವವರೆಗೆ ಈ ಸೆನ್ಸರ್ ಬಾಯಿ ಬಿಡುವುದಿಲ್ಲ. ಬಾಷ್ ಕಂಪನಿಯ ಇಂಥ ಸೆನ್ಸರ್ 1976ರಲ್ಲಿ ವೋಲ್ವೋ ಕಾರುಗಳಲ್ಲಿ ಬಂದಾಗ ಹೊಗೆಯ ಬಿಸಿಯೇ ಗತಿಯಾಗಿತ್ತು. 1982ರಲ್ಲಿ ಒಳಗೇ ಪುಟ್ಟ ಹೀಟರ್ ಇಟ್ಟ ಸೆನ್ಸರ್ ಬಂತು. ಆ ಹೀಟರ್ ಕೆಟ್ಟರೆ ಕಂಪ್ಯೂಟರ್ ಹೆಚ್ಚು ಹೊತ್ತು ಅಂದಾಜಿನ ಮೇಲೆಯೇ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯಬಹುದು, ಹೊಗೆ ಹೆಚ್ಚಬಹುದು. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ ಎಂದು ಸಣ್ಣ ಓಡಾಟ ಮಾಡುವವರಿಗೆ ಇದರ ಪೆಟ್ಟು ಜಾಸ್ತಿ.

ಪಿ 0135 ಎಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದಿರುವ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಪಿ 0141 ಎಂದರೆ ಅದರ ಹಿಂದಿನದು. ಗಮನಿಸಿ, ಕೋಡ್ ದೂರುವುದು ಸರ್ಕ್ಯೂಟನ್ನು. ಫ್ಯೂಸ್, ತಂತಿ, ಕನೆಕ್ಟರ್, ಹೀಟರ್ ಎಲ್ಲವೂ ಅದರಲ್ಲಿ ಸೇರಿವೆ.

ಹಾಗಾದರೆ ಪತ್ತೆ ಹೇಗೆ? ಎಂಜಿನ್ ಪೂರ್ತಿ ತಣ್ಣಗಾಗಲಿ, ಹೊಗೆ ಕೊಳವೆ ಕೈ ಸುಟ್ಟೀತು. ಮೊದಲು ಫ್ಯೂಸ್ ನೋಡಿ. ಹೋಗಿದ್ದರೆ ಅದೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ, ಬಿಸಿ ಕೊಳವೆಗೆ ತಾಗಿ ತಂತಿಯ ಮೇಲ್ಪದರ ಕರಗಿರಬಹುದು. ದಪ್ಪ ಫ್ಯೂಸ್ ಹಾಕುವ ಜಾಣತನ ಮಾತ್ರ ಬೇಡ.

ಎರಡನೆಯದು, ಕನೆಕ್ಟರ್ ಬಿಚ್ಚಿ ಕಿಲುಬು, ಬಾಗಿದ ಪಿನ್ ಇವೆಯೇ ನೋಡಿ. ಮೂರನೆಯದು, ಹೀಟರಿನ ಓಮ್ ಅಳೆಯಿರಿ. ಸಾಮಾನ್ಯ ನಾಲ್ಕು ತಂತಿಯ ಸೆನ್ಸರಿನಲ್ಲಿ ಎರಡು ತಂತಿ ಹೀಟರಿನವು, ಹೆಚ್ಚಾಗಿ ಎರಡೂ ಒಂದೇ ಬಣ್ಣ. ಆ ಎರಡಕ್ಕೆ ಮಲ್ಟಿಮೀಟರ್ ಹಿಡಿದರೆ ಕೆಲವೇ ಓಮ್ ಬರಬೇಕು. ಸರಿಯಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಉದಾಹರಣೆಗೆ 6 ಓಮ್ ಬಂದರೆ, 12 ವೋಲ್ಟಿಗೆ 2 ಆಂಪಿಯರ್ ಹರಿಯುತ್ತದೆ. ಮೀಟರ್ ಏನೂ ತೋರಿಸದೆ ‘ಓಎಲ್’ ಎಂದರೆ ಒಳಗಿನ ಎಳೆ ಕಡಿದಿದೆ. ಆಗ ಸೆನ್ಸರ್ ಬದಲಿಸಲೇಬೇಕು.

ಓಮ್ ಸರಿಯಿದೆಯೇ? ಹಾಗಾದರೆ ದೋಷ ಗಾಡಿಯ ಕಡೆಗಿದೆ. ಗಾಡಿಯ ಕಡೆಯ ಕನೆಕ್ಟರಿನಲ್ಲಿ, ಹೀಟರಿನ ಎರಡು ಪಿನ್ನುಗಳ ನಡುವೆ ಸಣ್ಣ ಟೆಸ್ಟ್ ಲ್ಯಾಂಪ್ ಹಿಡಿದು ಎಂಜಿನ್ ಚಾಲು ಮಾಡಿ, ಗಾಳಿಯಾಡುವ ಬಯಲಿನಲ್ಲಿ. ದೀಪ ಹೊತ್ತಿದರೆ ಅಥವಾ ಮಿನುಗಿದರೆ ಕರೆಂಟು ಅಲ್ಲಿಯವರೆಗೆ ಬರುತ್ತಿದೆ. ಹೊತ್ತದಿದ್ದರೆ 12 ವೋಲ್ಟ್ ಬರುತ್ತಿಲ್ಲ, ಇಲ್ಲವೇ ಕಂಪ್ಯೂಟರಿನ ಕಡೆಯ ಅರ್ಥ್ ಸಿಗುತ್ತಿಲ್ಲ. ಸಿಗ್ನಲ್ ತಂತಿಗಳನ್ನು ಮಾತ್ರ ಮುಟ್ಟಬೇಡಿ. ದುರಸ್ತಿಯಾದ ಮೇಲೆ ಕೋಡ್ ಅಳಿಸಿ, ಕೆಲವು ದಿನ ಓಡಿಸಿ ನೋಡಿ.

‘ಇದೆಲ್ಲ ನಮ್ಮ ಕೈಲಾಗದಪ್ಪ’ ಅನ್ನುತ್ತೀರಾ? ಚಿಂತೆಯಿಲ್ಲ. ಗ್ಯಾರೇಜಿನಲ್ಲಿ ಎರಡೇ ಪ್ರಶ್ನೆ ಕೇಳಿ: ‘ಹೀಟರಿನ ಓಮ್ ಎಷ್ಟು ಬಂತು? ಕನೆಕ್ಟರಿಗೆ ಕರೆಂಟು ಬರುತ್ತಿದೆಯೇ?’ ಉತ್ತರ ಸಿಗುವವರೆಗೆ ಪರ್ಸು ತೆಗೆಯಬೇಡಿ.